ಒಂದು ಬೊಟ್ಟು ಒಳಗ

ನಾಕು ದಿನದ ಪಗಾರ ಕೇಳಿದ್ದಕ್ಕ
ಕಂಟ್ರಾಟದಾರ ಕಿಸೆ ಜಾಡಿಸಿ ತೋರಿಸಿದ.
"ರೊಕ್ಕ ಇಲ್ಲ ಸಾತವ್ವಾ,
ಬೇಕಾದ್ರ ಬ್ಲಾಕ್ ಒಯ್ಯಿ."
ಮೂವತ್ನಾಕು ಬ್ಲಾಕು,
ಅದರಾಗ ಐದರ ಮೂಲಿ ಒಡದಿತ್ತು.
ಹಿಂಗ ಬಂತು ಬಾಗಲಿಗೆ
ಇಂಡಿ ರಸ್ತೆಯಿಂದ ಟಂಟಂ ಹತ್ತಿ
ನನ್ನ ನಾಕು ದಿನ.

ಬ್ಲಾಕ್ ತಿನ್ನಾಕ ಬರೂದಿಲ್ಲ,
ಮಾರಾಕ ಹೋದ್ರ ಅರ್ಧಾ ರೇಟು.
ಬಾಗಲ ಮುಂದ ಒಂಬತ್ತು ಫೂಟು,
ಕೋಳಿ ಕೆದರೂ ಜಾಗಾ.
ಹೂವಿನ ಕಟ್ಟಿ ಕಟ್ಟೂಣು ಅಂದೆ.
"ಕಟ್ಟವ್ವಾ," ಅಂದಳು ಬಾಜೂಮನಿ ಬೀಬಿಜಾನ,
"ಬಾರಾ ಕಮಾನ ಹಂಗ ಅರ್ಧಕ್ಕ ಬಿಟ್ಟೀ ಮತ್ತ!"

ಇಪ್ಪತ್ತೆರಡು ವರ್ಷ ಬುಟ್ಟಿ ಹೊತ್ತೀನಿ.
ಉಸುಕು ಸಾಣಿಸೀನಿ, ಮಾಲು ಕಲಿಸೀನಿ,
ಮೂರನೇ ಮಾಳಿಗಿಗೆ ನೀರು ಏರಿಸೀನಿ.
ಥಾಪಿ ಮಾತ್ರ ಹಿಡದಿಲ್ಲ.
ತೊಳದೀನಿ, ದಿನಾ ಸಂಜೀಕ,
ಹಿಡಿಕಿ ಮುಂದ ಮಾಡಿ ಗೌಂಡಿ ಕೈಗೆ ಕೊಟ್ಟೀನಿ.
ಅವಂದು ದಿನಕ್ಕ ಒಂಬೈನೂರು,
ನಂದು ನಾನೂರು.
ನಡುವಿನ ಐನೂರು ಆ ಹಿಡಿಕ್ಯಾಗ ಅದ.

ಶನಿವಾರ ಅಂಗಡ್ಯಾಗ ಹೊಸಾ ಥಾಪಿ ಕೇಳಿದೆ.
"ಗೌಂಡಿ ಕಳಿಸ್ಯಾನೇನು?"
ಹೂಂ ಅಂದೆ.

ಐತವಾರ ನಸುಕಿನ್ಯಾಗ ಪಾಯ ತಗದೆ.
ನಮ್ಮದು ಎರಿ ಭೂಮಿ, ನಂಬಾಂಗಿಲ್ಲ.
ಬ್ಯಾಸಗ್ಯಾಗ ಕೈ ಹೋಗುವಷ್ಟು ಬಿರಿತದ,
ಮಳಿ ಬಿತ್ತಂದ್ರ ಬಸುರಿ ಹಂಗ ಉಬ್ಬತದ.
ಗರಸು ಹತ್ತೂ ತನಕಾ ಅಗದೆ,
ಒಡದ ಐದನ್ನೂ ಕುಟ್ಟಿ ತುಂಬಿದೆ.
ಎರಡು ಗೂಟ, ಒಂದು ದಾರ.
ದಾರ ಮಗನ ಗಾಳಿಪಟದ್ದು.

ಮೊದಲ ಬ್ಲಾಕಿಗೆ ಕೈ ನಡುಗಿತು,
ಎರಡನೇದಕ್ಕ ಇಲ್ಲ.
ಬ್ಲಾಕಿಗೆ ಮೊದಲ ನೀರು ಕುಡಿಸಬೇಕು,
ಇಲ್ಲಾಂದ್ರ ಅದು ಮಾಲಿನ ನೀರು ಕುಡೀತದ.
ಮ್ಯಾಲಿಂದು ಕೆಳಗಿನ ಎರಡರ ಸಂದಿನ ಮ್ಯಾಲ ಕೂಡಬೇಕು.
ಹಿಡಿಕೀಲೆ ಟಕ್ ಟಕ್, ಎರಡೇ ಸಲ.
ಯಾರು ಹೇಳಿಕೊಟ್ರು ಅಂತ ಕೇಳಬ್ಯಾಡ.
ಬುಟ್ಟಿ ಹೊತ್ತಾಗ ಕೈ ಖಾಲಿ ಇರೂದಿಲ್ಲ,
ಕಣ್ಣು ಇರತಾವ.

ಎರಡು ಬ್ಲಾಕಿಗೊಂದು, ಬುಡದಾಗ,
ಗೇಣುದ್ದ ಪೈಪ್ ಸಿಗಿಸಿದೆ, ಮೂರು.
ಮೂರು ವರಸಿ ಮುಗಿಯೂದ್ರಾಗ ಬಿಸಲು ಇಳಿದಿತ್ತು.
ಎರಡು ಬ್ಲಾಕು ಉಳದ್ವು. ಒಂದರ ಮ್ಯಾಲ ಕುಂತೆ.

ಆಗ ಲಾಳೆಸಾಬ ಗೌಂಡಿ ಆ ಹಾದೀಲೆ ಬಂದ.
ಸೈಕಲ್ ನಿಲ್ಲಿಸಿದ. ಚಾ ಬ್ಯಾಡ ಅಂದ.
ಚೀಲದಾಗಿಂದ ಓಳಂಬ ತಗದು ಇಳಿಬಿಟ್ಟ.
ಹಿತ್ತಾಳಿ ಗುಂಡು ಅಲ್ಲಾಡಿ ಅಲ್ಲಾಡಿ ನಿಂತಿತು.
"ಒಂದು ಬೊಟ್ಟು ಒಳಗ ವಾಲ್ಯಾದ."
"ವಾಲಿಲ್ಲ, ವಾಲಿಸೀನಿ," ಅಂದೆ.
"ನೀರು ಕುಡದ ಎರಿ ಹೊರಗ ದಬ್ಬತದ,
ಒಳಗ ವಾಲಿದ್ರ ಹೆಗಲು ಕೊಟ್ಟು ನಿಲ್ಲತದ.
ಹೋದ ವರ್ಷದ ಕಂಪೌಂಡ್ ನೆನಪದಲ್ಲ?"

ಅದು ಅವನ ಕೈದು.
ಓಳಂಬಕ್ಕ ಕೂದಲೆಳಿ ತಪ್ಪದಂಗ ನಿಂತಿತ್ತು,
ಒಂದು ರಾತ್ರಿ ಮಳಿಗೆ ಮಕಾಡೆ ಮಲಗಿತ್ತು.
ಮರುದಿನ ಆ ಬ್ಲಾಕೆಲ್ಲಾ ಹೊತ್ತಾಕಿ ನಾನು.

ಲಾಳೆಸಾಬ ದಾರ ಸುತ್ತಿದ.
ಬಾಗಿ, ಪೈಪಿನ್ಯಾಗ ಬೊಟ್ಟು ಹಾಕಿ ನೋಡಿದ,
ವಾಸನಿ ನೋಡಿದ. ಹೋದ.

ಸೋಮವಾರ ಮತ್ತ ಬುಟ್ಟಿ. ಮತ್ತ ನಾನೂರು.
ಬುಧವಾರ ಪರಂಚಿ ಮ್ಯಾಲಿಂದ, ನನ್ನ ಕಡೆ ನೋಡದ,
"ಸಾತವ್ವಾ, ಆ ತೂತು ಎಷ್ಟಕ್ಕೊಂದು?"
"ಎರಡು ಬ್ಲಾಕಿಗೊಂದು."
"ಮಾಲು ಕೊಡು," ಅಂದ. ಕೊಟ್ಟೆ.

ಏಳು ದಿನ ಗ್ವಾಡಿಗೆ ನೀರು ಹೊಡದೆ.
ಎರಿ, ಉಸುಕು, ಎಮ್ಮಿ ಗೊಬ್ಬರ ಕಲಿಸಿ ತುಂಬಿದೆ,
ಮಾಲು ಕಲಿಸೂ ಕೈ, ಅದಕ್ಕೇನು.
ಅಬ್ಬಲಿ ಹಚ್ಚಿದೆ, ಪುಂಡಿ ಚೆಲ್ಲಿದೆ,
ಬೀಬಿಜಾನ ಒಂದು ಕರಿಬೇವಿನ ಸಸಿ ತಂದಳು,
ಅರ್ಧಕ್ಕ ಬಿಡೂ ಮಾತು ಎತ್ತಲಿಲ್ಲ.

ಮೊದಲ ದೊಡ್ಡ ಮಳಿ ರಾತ್ರಿ ಬಂತು.
ಬ್ಯಾಟರಿ ಹಿಡಕೊಂಡು ಹೊರಗ ಬಂದೆ.
ಒಂದು ಪೈಪು ಸುರೀತಿತ್ತು. ಎರಡನೇದೂ.
ಮೂರನೇದು ಸುಮ್ಮನಿತ್ತು.
ಮಳ್ಯಾಗ ಕುಂತು ತಂತಿ ಹಾಕಿ ಕೆದರಿದೆ.
ಮೊದಲ ಕೆಮ್ಮಿತು,
ಆಮ್ಯಾಲ ಕರೇ ಚಾದಂಥ ನೀರು
ಪಾದದ ಮ್ಯಾಲ,
ಬೆಚ್ಚಗ.