ಬೀಗದ ಕೈ

ಮಂಡಿಪೇಟೆಯ ಮಹಡಿ ಹತ್ತಿ ಬಂದು
ನನ್ನ ಹಳೇ ಡಬ್ಬಿಗೆ ಹೊಸ ಆ್ಯಪ್ ಇಳಿಸುತ್ತ
ಫಯಾಜ್ ಕೇಳಿದ:
"ಬ್ರೌಸರ್‌ನಾಗೇ ಬರ್ತೈತಲ್ಲ ಮೇಡಂ,
ಎಲ್ಲಿ ಕುಂತ್ರೂ ತೆಗಿಬೋದು. ಸುಮ್ನೆ ಯಾಕೆ ಈ ಭಾರ?"

ಅದೇ. ಎಲ್ಲಿ ಕುಂತರೂ. ಯಾರು ಕುಂತರೂ.

ಹರಿಹರದ ನೀಲಾಂಬಿಕೆ
ನಮ್ಮ ಸಲಹಾ ಕೇಂದ್ರಕ್ಕೆ ಬರೆದ ಕಾಗದ;
ಕರೆಂಟಿಲ್ಲದ ದಿನ ಸೈಬರ್ ಅಂಗಡಿಯಲ್ಲಿ ಓದಿ
ಮುಚ್ಚದೆ ಎದ್ದು ಬಂದವಳು ನಾನೇ.
ಅಂಗಡಿಯವನು ಅವಳ ಗಂಡನ ಷಡ್ಡಕ.
ಮೂರನೇ ದಿನ ಗಂಡ ಈ ಮೇಜಿನೆದುರು ನಿಂತು
ಸಾಲುಸಾಲಾಗಿ ಒಪ್ಪಿಸಿದ,
ಅವಳು ತಡೆದು ತಡೆದು ಬರೆದಲ್ಲಿ
ತಾನೂ ತಡೆದು.
ಕೊನೆಗೊಂದು ಲೋಟ ನೀರು ಕೇಳಿದ.
ಕೊಟ್ಟೆ.

ಈಗ ಕೀಲಿ ಹುಟ್ಟಿದ್ದು ಈ ಡಬ್ಬಿಯೊಳಗೇ,
ಕಂಪನಿಯವರ ಹತ್ತಿರ ಇದರ ನಕಲಿಲ್ಲ.
ಹೊರಟ ಮಾತು ದಾರಿಯುದ್ದ ಬರೀ ಗೀಚು,
ಇಲ್ಲಿಗೆ ಮುಟ್ಟಿದ ಮೇಲಷ್ಟೇ ಅಕ್ಷರ.

"ಪಾಸ್‌ವರ್ಡ್ ಮರೆತ್ರೆ ನಂಗೂ ತೆಗಿಯಕ್ಕಾಗಲ್ಲ,
ಕಂಪ್ನಿಯೋರಿಗೂ ಆಗಲ್ಲ" ಎಂದು
ಮಿರ್ಚಿ ಎಣ್ಣೆಯ ಕೈ ಪ್ಯಾಂಟಿಗೆ ಒರೆಸಿ
ಪರದೆಗೆ ಬೆನ್ನು ಮಾಡಿ ನಿಂತ.
ಅಷ್ಟು ಮರ್ಯಾದೆಯ ಹುಡುಗ.

ಆರು ಪದ ಒತ್ತಿದೆ:
ಗಿರಣಿಯ ಸಿಳ್ಳೆ ಕೂಗಿದರೂ ಏಳದ ಅಜ್ಜನಿಗೆ
ನಮ್ಮಜ್ಜಿ ಒಂದೇ ಉಸಿರಿಗೆ ಬೈಯುತ್ತಿದ್ದದ್ದು.
ಏನೆಂದು ನಿಮಗೂ ಹೇಳುವುದಿಲ್ಲ.
ಮರೆಯುವ ಮಾತಂತೂ ಇಲ್ಲ.

ನೀಲಾಂಬಿಕೆ ಮತ್ತೆ ಬರೆದಿಲ್ಲ.
ದಿನಾ ಹತ್ತಕ್ಕೆ ಶಟರ್ ಎತ್ತಿ,
ಬೈಗುಳ ಒತ್ತಿ,
ಚಹಾ ಆರುವ ತನಕ
ನೋಡುತ್ತ ಕೂರುತ್ತೇನೆ.