ಎಂಟು ಹುಕ್ಕು

ಹನಿ ಬಿದ್ದಲ್ಲಿ ತೂತು ಇರೂದಿಲ್ಲ ಬಾಯಿ,
ಅಂತ ಏಣಿ ಮ್ಯಾಲಿಂದ ಹೇಳಿದೆ.
ಎರ್ಮೆಲಿಂಡಾಬಾಯಿ ಪಿಂಗಾಣಿ ಬೋಗುಣಿ ಹಿಡಕೊಂಡು ನಿಂತಿದ್ಳು,
ಊಟದ ಮೇಜಿನ ಬಾಜೂಕ.
ನೇರ ಮ್ಯಾಲಿನ ಹಂಚು ಬದಲಿಸು,
ಅದೇ, ಅದೇ, ಅಂತ ಬೆರಳು ತೋರಿಸಿದ್ಳು.
ಮೂರು ಮಳಿಗಾಲ ಮೂರು ಮಂದಿ ಬಂದು
ಆ ಒಂದು ಹಂಚು ಬದಲಿಸಿ ರೊಕ್ಕಾ ಒಯ್ದಾರ.

ನೀರಿಗಿ ಅವಸರ ಇಲ್ಲ.
ಗ್ವಾಡಿ ಮೂಲ್ಯಾಗ ಒಳಗ ಬಂದು
ರೀಪಿನ ಗುಂಟ ನಡದು
ತೊಲಿ ಸಂದ್ಯಾಗ ಒಂದೀಟು ಕುಂತು
ಹನ್ನೆರಡು ಮೊಳ ಆಚೆ
ಕಟಗಿ ಗಂಟಿನ ತುದಿಗಿ ಬಂದು ಜಾರ್ತೈತಿ.
ನಾ ಬದಾಮಿ ಕಡೆಯಿಂದ ಈ ಕುಡ್ತರಿಗೆ ಬಂದಂಗ.
ಬಿದ್ದ ಜಾಗಾ ನೋಡಿ
ಒಡದಿದ್ದು ಎಲ್ಲಿ ಅಂತ ಹೆಂಗ ಹೇಳ್ತೀರಿ?

ಆಕಿ ಮೈದುನ ಕೈತಾನ್,
ಹಡಗಿನ್ಯಾಗ ಇಪ್ಪತ್ತು ವರ್ಷ ಅಡಿಗಿ ಮಾಡಿದಾಂವ,
ಬಲ್ಕಾಂವದಾಗ ಕುಂತೇ ಕೂಗಿದ:
ಗಾಳಿ ವಿಚಾರ ನನಗ ಕಲಸಬ್ಯಾಡ!
ಬಿರುಗಾಳಿ ಬಂದ್ರ ಕಿಡಕಿ ಎಲ್ಲಾ ತಗದಿಡಬೇಕು,
ಈ ಕಡೆ ಬಂದು ಆ ಕಡೆ ಹೋಗ್ತೈತಿ.
ಮಾಡಿನ ಮ್ಯಾಲ ನಾಕು ಉಸುಕಿನ ಚೀಲಾ ಒಗಿ,
ಭಾರಕ್ಕ ಹಾರೂದಿಲ್ಲ.

ಗಾಳಿ ಮಾಡನ್ನ ಒತ್ತೂದಿಲ್ಲ ಸಾಯ್ಬಾ, ಎತ್ತತೈತಿ.
ಒಲಿ ಮ್ಯಾಲಿನ ಹಂಚಿನ್ಯಾಗ ರೊಟ್ಟಿ ನೋಡೀರಿಲ್ಲ?
ಬುಡಕ ಉಸಿರು ಸೇರಿತಂದ್ರ
ಬಡದ ಕೈನ ಲೆಕ್ಕಕ್ಕಿಡದ ಉಬ್ಬಿ ಏಳತೈತಿ.
ಈ ಹಂಚೂ ಹಂಗ.
ಕಿಡಕಿ ತಗದ್ರ ಉಸಿರು ಕೊಟ್ಟಂಗ.
ಅಂವ ನಕ್ಕ. ರೊಟ್ಟಿ ಕಂಡಾಂವಲ್ಲ, ಪಾವು ತಿನ್ನಾಂವ.
ನಾ ಮೂಲಿ ಹಂಚು ತಂತಿಲೆ ಬಿಗದೆ,
ಕೂಲಿ ಎಣಿಸಿಕೊಂಡೆ,
ಮಿಕ್ಕಿದ ಮೂರು ಹುಕ್ಕು ಕಿಸೇಕ ಹಾಕಿದೆ.

ಇನ್ನ ನಮ್ಮ ಮನಿ.
ಜುವಾರಿನಗರ, ಕೆಂಪು ದಿಬ್ಬದ ಮ್ಯಾಲ,
ನಾಕು ತಗಡು, ಎರಡು ಟಾಯರು,
ಒಂದು ಒಡಕ ಬೀಸೋಕಲ್ಲು.
ತಗಡಿಗೆ ಎಂಟು ಹುಕ್ಕು ಬೇಕಂತ
ಕಂಡಕಂಡವರಿಗೆ ಹೇಳಾಂವ ನಾ
ನನ್ನ ತಗಡಿಗೆ ನಾಕು ಹಾಕಿದ್ದೆ.
ಮೊದಲ ಮಳಿ ಆಗಲಿ, ನೋಡೂಣು.
ಕಲ್ಲು ಐತಲ್ಲ ಭಾರಕ್ಕ.

ಮೇ ತಿಂಗಳು. ಇನ್ನ ಮಳಿಗಾಲ ಹುಟ್ಟಿರಲಿಲ್ಲ.
ರಾತ್ರಿ ಸಮುದ್ರದ ಕಡೆಯಿಂದ ಲಾರಿ ಸಾಲು ಬಂದಂಗ ಸಪ್ಪಳ.
ಫಕೀರವ್ವ ತಗಡಿಗೆ ಹಗ್ಗಾ ಕಟ್ಟಿ
ಇನ್ನೊಂದು ತುದಿ ಕಾಟಿನ ಕಾಲಿಗಿ ಬಿಗದ್ಳು.
ಕಾಟು ಒಂದು ಗೇಣು ಎದ್ದು
ಧಪ್ಪಂತ ಕೆಳಗ ಕುಂತಿತು.
ಮ್ಯಾಲ ಮಲಗಿದ ಮಗಳು ನಿದ್ದಿಗಣ್ಣಾಗ ನಕ್ಕಳು,
ಮತ್ತೊಮ್ಮಿ, ಅಂದ್ಳು.
ಮತ್ತೊಮ್ಮಿ ಆಗಲಿಲ್ಲ. ಹಗ್ಗ ಹರೀತು.
ಟಾಯರು ಒಳಗ ಬಿತ್ತು, ಕಲ್ಲು ಹೊರಗ ಬಿತ್ತು,
ತಗಡು ಎಲ್ಲೂ ಬೀಳಲಿಲ್ಲ, ಹೋತು.
ಫಕೀರವ್ವ ಏನೂ ಅನ್ನಲಿಲ್ಲ.
ಅಂದಿದ್ರ ಚೊಲೋ ಇತ್ತು.

ಮರುದಿನ ಹುಡಕ್ಕೊಂಡು ಹೋದೆ.
ಮೂರು ಓಣಿ ದಾಟಿ, ಹುಚ್ಚೀರಪ್ಪನ ಮನಿ ಮ್ಯಾಲ
ನೀಲಿ ತಗಡು, ನಾ ಬಳದ ಡಾಂಬರಿನ ಕಲಿ,
ನನ್ನವೇ ನಾಕು ತೂತು.
ಅಂವ ಮ್ಯಾಲ ಕುಂತು ಮೊಳಿ ಹೊಡೀಲಿಕ್ಕತ್ತಿದ್ದ,
ತಗಡಿನ ತಗ್ಗಿನ್ಯಾಗ, ನೀರು ಹರಿಯೂ ಹಾದ್ಯಾಗ.
ಬಾಯಿಗೆ ಬಂದದ್ದು ಬ್ಯಾರೆ.
ಹೊರಗ ಬಿದ್ದದ್ದು: ದಿನ್ನಿ ಮ್ಯಾಲ ಹೊಡಿಯೋ.
ತಗ್ಗಿನ್ಯಾಗ ಗಟ್ಟಿ ಹಿಡಿತೈತಲ್ಲ, ಅಂದ.
ಎಲ್ಲಾರೂ ಹಂಗ ಅಂತಾರ, ಅಂದೆ.
ಅಂವ ನನ್ನ ನೋಡಿದ. ಡಾಂಬರಿನ ಕಲಿ ನೋಡಿದ.
ಸುತಗಿ ಕೆಳಗಿಟ್ಟ.
ಹಿಂದ ಬಾಗಲದಾಗ ಆತನ ಹೆಂಡತಿ,
ಹಸಿ ಬಾಣಂತಿ, ತಲಿಗಿ ಅರಬಿ ಕಟಗೊಂಡು ನಿಂತಿದ್ಳು.

ಕಿಸೇದಾಗಿನ ಮೂರು ಹುಕ್ಕು ಕೊಟ್ಟೆ.
ಇನ್ನೈದು ನೀ ತಗೋ, ಅಂದೆ.
ಮನಿಗೆ ಹೋಗಿ ಏನು ಹೇಳೂದಂತ
ಹಾದಿ ತುಂಬ ಯೋಚನಿ ಮಾಡಿದೆ, ಹೊಳೀಲಿಲ್ಲ.

ಸಂಜಿಮುಂದ ಬಾಯಿ ಫೋನು.
ಮೇಜಿನ ಮ್ಯಾಲ ಒಂದು ಹನಿ ಬಿದ್ದಿಲ್ಲ,
ಆದ್ರೂ ಬೋಗುಣಿ ಅಲ್ಲೇ ಇಟ್ಟೇನಿ ದ್ಯಾಮಣ್ಣಾ, ಅಂದ್ಳು.
ಇರ್ಲಿ ಬಿಡ್ರಿ, ಅಂದೆ.