ತಕ್ಕಡಿಯೊಳಗ ರೊಟ್ಟಿ

ಬೆಟಗೇರಿಯೊಳಗ ಇನ್ನೂ ನಳಾ ಬಂದಿದ್ದಿಲ್ಲ,
ಚಾಪಿ ಹಾಸಿದೆ.
ಎರಡು ಎಣ್ಣಿ ಕ್ಯಾನಿಗೆ ಉಸುಕು ತುಂಬಿ
ಬಾಯಿಗೆ ಅರಿವಿ ತುರುಕಿದ್ದೆ, ಇವೇ ನನ್ನ ಡಂಬೆಲ್ಸು.
ಫೋನಿನೊಳಗಿನ ಹುಡುಗಿ ಹೇಳಿದಂಗ
ಇಲ್ಲದ ಕುರ್ಚಿ ಮ್ಯಾಲ ಕುಂತೆ, ಎದ್ದೆ, ಕುಂತೆ.
ಪ್ರೆಸ್ಸಿನ್ಯಾಗ ಹದಿನೆಂಟು ವರ್ಷ
ಹದಿನಾರು ಪುಟದ ಫಾರಂ ಮಡಚಿದ ಕೈ ನನ್ನವು,
ಮೊಣಕಾಲು ಮಡಚೂದು ಈಗ ಕಲೀಲಿಕ್ಹತ್ತೀನಿ.

ನನಗ ಬರತಿದ್ದದ್ದು ಕಳಿಯೂ ಲೆಕ್ಕ ಒಂದ.
ಎರಡು ರೊಟ್ಟಿಯೊಳಗ ಒಂದೂವರಿ ಕಳದೆ,
ಶೇಂಗಾಹಿಂಡಿ ಕಳದೆ, ಮೊಸರು ಕಳದೆ,
ಕತ್ತರಿಸಿ ಉಳದ ಹಾಳಿ ಹೊಲದು ಮಾಡಿದ ಡೈರಿಯೊಳಗ
ಬರೇ ಸೊನ್ನಿಗೆ ಹತ್ತರಾಗೂ ಅಂಕಿ.
"ರೊಟ್ಟಿ ಯಾವಾಗ ವೈರಿ ಆತವ್ವ ನಿನಗ?" ಅಂದ್ಲು ಅತ್ತಿ.
ನಾಕನೇ ದಿನ, ಹದಿನಾರನೇ ಸಲ ಕುಂತಾಕಿ
ಏಳಲಿಲ್ಲ.
ಗ್ವಾಡಿ ಮ್ಯಾಲಿನ ಕ್ಯಾಲೆಂಡರಿನ ತಾರೀಖೆಲ್ಲಾ
ಇರಿವಿ ಆಗಿ ಹರದಾಡಿದ್ದು ನೆನಪೈತಿ.

ರಕ್ತ ಒಂಬತ್ತು ಚಿಲ್ಲರೆ.
ಕೊಣ್ಣೂರ ಡಾಕ್ಟರಮ್ಮ ಬೈಲಿಲ್ಲ,
ಚೀಟಿ ಬರಕೋತನ ಅಂದ್ರು:
"ಕಟಗಿ ಇಡಲಾರದ ಒಲಿ ಊದಿದ್ರ
ಬೂದಿ ಹಾರತೈತಿ ಅಷ್ಟ, ಸಾವಂತ್ರಕ್ಕ.
ಲೆಕ್ಕ ಬಿಡಬ್ಯಾಡ್ರಿ.
ಏನು ಕಡಿಮಿ ಆತು ಅನ್ನೂದರ ಬಾಜೂಕ
ಏನು ಬೇಕಿತ್ತು ಅನ್ನೂದನ್ನೂ ಬರೀರಿ."

ಆದರ ಫೋನಿಗೆ ನಮ್ಮ ರೊಟ್ಟಿ ಗೊತ್ತಿಲ್ಲ.
ಸಣ್ಣದೋ, ಮಧ್ಯಮೋ, ದೊಡ್ಡದೋ ಅಂತ ಕೇಳತೈತಿ.
ಅತ್ತಿಯ ಅಂಗೈಯಗಲಕ್ಕ ಅದರೊಳಗ ಹೆಸರಿಲ್ಲ.
ಬಿಸೀದ ಒಂದು ಅರಿವ್ಯಾಗ ಸುತಗೊಂಡು
ಎದುರಿನ ಪತ್ತಾರರ ಅಂಗಡಿಗೆ ಹೋದೆ.
ಮೌನೇಶಣ್ಣ ಕನ್ನಡಕ ಹಣಿಗೇರಿಸಿ
ತಕ್ಕಡಿಯ ತಟ್ಟಿ ಒರಸಿ
ನಾಕು ಮಡಿಕಿ ಮಾಡಿ ಇಟ್ಟ.
"ಎಪ್ಪತ್ತೊಂದು ಗ್ರಾಂ ಮುನ್ನೂರು ಮಿಲಿ.
ಮಜೂರಿ ಎಷ್ಟು ಹಿಡೀಲಿ, ಅಕ್ಕಾರ?"
ಗುಂಡಿನ ಸರ ನೋಡಾಕ ಬಂದ ಮದುವಿಮನಿ ಮಂದಿ
ಹೊಟ್ಟಿ ಹಿಡಕೊಂಡು ನಕ್ಕರು.
ನಾನು ಬರಕೊಂಡೆ.
ಮಜೂರಿ ಮಾತ್ರ ಯಾವ ಕಾಲಮ್ಮಿಗೆ ಹಾಕಬೇಕೋ
ತಿಳೀಲಿಲ್ಲ.

ಈಗಿನ ಹಾಳಿಯೊಳಗ ಎರಡು ರೊಟ್ಟಿ ಅದಾವ.
ಮೊಳಕಿ ಒಡದ ಮಡಕಿಕಾಳು ಬಟ್ಟಲ ತುಂಬ,
ಕಬ್ಬಿಣದ ಬಾಂಡ್ಲಿಯೊಳಗ ಕುದ್ದ ಪುಂಡಿಪಲ್ಯ,
ಅಗಸಿಹಿಂಡಿ, ಅದರ ಮ್ಯಾಲ ಎಣ್ಣಿ,
ಡಬ್ಬಿ ಬಗ್ಗಿಸಿ ಅಲ್ಲ, ಚಮಚ ಹಿಡಿದು.
ಗಟ್ಟಿ ಮೊಸರು, ಹಸಿ ಮೆಂತೆದ ತಪ್ಪಲ, ಅರ್ಧ ಲಿಂಬಿ.
ಉಂಡ ಕೂಡ್ಲೆ ಚಾ ಕುಡದ್ರ ಕಬ್ಬಿಣದ ಸತ್ವ ಮೈಗೆ ಹತ್ತೂದಿಲ್ಲಂತ,
ಪ್ರೆಸ್ಸಿನ್ಯಾಗ ನನ್ನ ಪಾಲಿನ ಚಾ
ಮಾಬುಬಿ ಕುಡೀತಾಳ, ನನ್ನ ಆರೋಗ್ಯಕ್ಕ ದುವಾ ಮಾಡಿಕೋತ.
ಶನಿವಾರದ ಮಿರ್ಚಿ ಎರಡಿದ್ದದ್ದು ಒಂದಕ್ಕ ಇಳಿಸೀನಿ.
ಖರೇ ಹೇಳಬೇಕಂದ್ರ, ಒಂದೂವರಿ.

ಎರಡು ತಿಂಗಳಿಗೆ ತೂಕ ಇಳದದ್ದು ಒಂದೂಕಾಲು ಕಿಲೋ.
ಫೋನಿನ ಹುಡುಗಿಗೆ ಸಮಾಧಾನಿಲ್ಲ.
ಆದರ ಮೊನ್ನೆ ಕಾಗದದ ರೀಮು
ನೆಲದಿಂದ ಕಟಿಂಗ್ ಮಶೀನಿನ ಎತ್ತರಕ್ಕ
ಯಾರನ್ನೂ ಕರೀಲಾರದ ಎತ್ತಿಟ್ಟೆ.
ಎತ್ತಿದ ಮ್ಯಾಲ ಗೊತ್ತಾತು, ಎತ್ತೀನಿ ಅಂತ.

ಒಂದ ಸಂಶೇ ಇತ್ತು.
ಅತ್ತಿ ಬಡಿಯೂ ಸಪ್ಪಳ
ಇತ್ತಿತ್ಲಾಗ ಯಾಕೋ ದಪ್ಪ ಆಗಿತ್ತು.
ಮತ್ತೊಮ್ಮೆ ಅರಿವ್ಯಾಗ ಸುತಗೊಂಡು ಹೋದೆ.
"ಎಂಬತ್ತನಾಕು," ಅಂದ ಮೌನೇಶಣ್ಣ,
"ಬಂಗಾರ ಒಂದ ಅಲ್ಲ, ಇದೂ ಏರೈತಿ ನೋಡ್ರಿ."
ಮನಿಗೆ ಬಂದು ಅತ್ತಿಯ ಮುಖ ನೋಡಿದೆ.
ಆಕಿ ಹಂಚಿನ ಕಡೆ ನೋಡಿದ್ಲು.
ಏನೂ ಕೇಳಲಿಲ್ಲ ನಾನು.
ಎರಡು ತಿಂಗಳದ ಲೆಕ್ಕ ಎಲ್ಲಾ ತಪ್ಪಿತ್ತು,
ಎಪ್ಪತ್ತೊಂದು ಹೊಡದು ಎಂಬತ್ತನಾಕು ಬರದೆ.

ಮರುದಿನ ಚಾಪಿ ಮ್ಯಾಲ
ಹದಿನೈದಾದ ಮ್ಯಾಲ ಕುಂತೆ,
ತೊಡಿ ನಡಗಿದುವು, ಕ್ಯಾಲೆಂಡರಿನ ತಾರೀಖು
ತಮ್ಮ ತಮ್ಮ ಮನಿಯೊಳಗ ಇದ್ದುವು.
ಎದ್ದೆ.
ಒಂದು ಫಾರಂ ಪೂರಾ.

ಅಷ್ಟರಾಗ ನಳಾ ಬಂತು,
ಕೊಡಾ ಹಿಡಿಯಾಕ ಓಡಿದೆ.